ವಸತಿ ಶಾಲೆಯಲ್ಲಿ ಪೀಡೆ ನಿರ್ವಹಣೆಯ ದಾಖಲೆ ಮತ್ತು ವೇಳಾಪಟ್ಟಿ: ನನ್ನ ಅನುಭವ

ತುಮಕೂರು ಜಿಲ್ಲೆಯ ಒಂದು ವಸತಿ ಶಾಲೆಯ ಕಟ್ಟಡಗಳ ಮತ್ತು ಆವರಣದ ಉಸ್ತುವಾರಿ ನನ್ನದು. ತರಗತಿಗಳು, ವಿದ್ಯಾರ್ಥಿನಿಲಯಗಳು, ಅಡುಗೆಮನೆ, ಉಗ್ರಾಣ, ಗ್ರಂಥಾಲಯ, ಸುತ್ತ ತೆಂಗಿನ ತೋಟ, ಅದರಾಚೆ ರಾಗಿ ಹೊಲ. ಇಂಥ ಜಾಗದಲ್ಲಿ ಇಲಿ, ಜಿರಲೆ, ಗೆದ್ದಲು, ತಿಗಣೆ, ಸೊಳ್ಳೆ ಯಾವುದಕ್ಕೂ ಬರವಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಪೀಡೆ ನಿಯಂತ್ರಣವೆಂದರೆ ವಾರ್ಷಿಕ ಗುತ್ತಿಗೆ ಹಿಡಿದ ಸಂಸ್ಥೆಯವರು ತಿಂಗಳಿಗೊಮ್ಮೆ ಬಂದು, ಎಲ್ಲ ಕೋಣೆಗಳ ಗೋಡೆಯಂಚಿಗೂ ಒಂದೇ ಔಷಧ ಹೊಡೆದು, ರಸೀತಿಗೆ ಸಹಿ ಹಾಕಿಸಿಕೊಂಡು ಹೋಗುವುದಾಗಿತ್ತು. ರಸೀತಿಗಳ ಕಡತ ದಪ್ಪವಾಗಿತ್ತು. ಯಾವ ಕೋಣೆಯಲ್ಲಿ ಏನು ಕಂಡಿತ್ತು, ಹೊಡೆದ ಮೇಲೆ ಅದು ಕಡಿಮೆಯಾಯಿತೇ ಎಂಬುದರ ಬಗ್ಗೆ ಮಾತ್ರ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಹತ್ತಿ, ಭತ್ತ, ತೊಗರಿ ಬೆಳೆಯುವ ರೈತರಿಗೆ ಕೃಷಿ ಇಲಾಖೆ ಸಮಗ್ರ ಪೀಡೆ ನಿರ್ವಹಣೆಯನ್ನು ಬಹುಕಾಲದಿಂದ ಹೇಳಿಕೊಡುತ್ತಲೇ ಬಂದಿದೆ. ಮೊದಲು ಹೊಲದಲ್ಲಿ ನೋಡಬೇಕು, ಎಣಿಸಬೇಕು, ಒಂದು ಮಿತಿ ದಾಟಿದ ಮೇಲೆ ಕ್ರಮ ಕೈಗೊಳ್ಳಬೇಕು, ವಿಷವನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದೇ ಅದರ ತಿರುಳು. ಅದನ್ನೇ ಶಾಲೆಯ ಗೋಡೆಗಳೊಳಕ್ಕೆ ತರುವುದು ನನ್ನ ಯೋಜನೆಯಾಗಿತ್ತು. ಹೊಲದಲ್ಲಿ ಮಿತಿಯನ್ನು ಬೆಳೆನಷ್ಟದ ಲೆಕ್ಕದಲ್ಲಿ ಇಡುತ್ತಾರೆ. ಇಲ್ಲಿ ಜಾಗವನ್ನು ನೋಡಿ ಇಡಬೇಕಾಯಿತು. ಅಡುಗೆಮನೆಯಲ್ಲಿ ಒಂದು ಜಿರಲೆ ಮರಿ ಕಂಡರೂ ಕೆಲಸ ಶುರುವಾಗಬೇಕು, ಇಲಿಯ ಹಿಕ್ಕೆ ಎಲ್ಲಿ ಕಂಡರೂ ಅಂದೇ ಕ್ರಮವಾಗಬೇಕು, ತೋಟದ ಇರುವೆಗಳ ತಂಟೆಗೆ ಯಾರೂ ಹೋಗಬಾರದು ಎಂದು ಮೊದಲೇ ಬರೆದಿಟ್ಟೆ.

ಆಮೇಲೆ ಮಾಡಿದ ಕೆಲಸವೆಂದರೆ ಪ್ರತಿ ಕಟ್ಟಡದ ನಕಾಶೆಯ ಪ್ರತಿ ತೆಗೆದು, ಅಂಟುಬಲೆಗಳನ್ನು ಇಡುವ ಸ್ಥಳಗಳನ್ನು ಅದರಲ್ಲಿ ಗುರುತಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟದ್ದು. ಅಂಟುಬಲೆ ಜಿರಲೆಯನ್ನು ಮುಗಿಸುವ ಸಾಧನವಲ್ಲ, ಸುದ್ದಿ ತರುವ ಸಾಧನ. ಅಡುಗೆಮನೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ರುಬ್ಬುವ ಯಂತ್ರದ ಹಿಂದೆ ಇಟ್ಟ ಬಲೆಯಲ್ಲಿ ಬಿದ್ದವು ಬಹುಪಾಲು ರೆಕ್ಕೆಯಿಲ್ಲದ ಸಣ್ಣ ಮರಿಗಳು, ಅವೂ ಹೆಚ್ಚಾಗಿ ಬಲೆಯ ಎಡ ಅಂಚಿಗೇ ಅಂಟಿದ್ದವು. ಮರಿಗಳು ತಾವು ಹುಟ್ಟಿದ ಜಾಗದಿಂದ ಬಹುದೂರ ಹೋಗುವುದಿಲ್ಲ. ಒಂದೇ ಅಂಚಿಗೆ ಅಂಟಿದ್ದರೆ ಆ ಕಡೆಯಿಂದಲೇ ಬರುತ್ತಿವೆ ಎಂದರ್ಥ. ಯಂತ್ರದ ಮೋಟಾರಿನ ತಳದ ತಗಡನ್ನು ಬಿಚ್ಚಿಸಿದಾಗ ಒಣಗಿದ ಹಿಟ್ಟಿನ ಪದರ, ಬಿಸಿ, ತೇವ ಎಲ್ಲವೂ ಸೇರಿದ್ದ ಆ ಸಂದಿನಲ್ಲಿ ಜಿರಲೆಗಳ ಸಂಸಾರವೇ ಇತ್ತು. ತಿಂಗಳು ತಿಂಗಳೂ ಗೋಡೆಗೆ ಹೊಡೆದ ಔಷಧ ಅಲ್ಲಿಗೆ ಮುಟ್ಟಿರಲೇ ಇಲ್ಲ. ತಳವನ್ನು ಕೆರೆದು ತೊಳೆದು ಒಣಗಿಸಿ, ಆಹಾರ ತಾಗದ ಒಳಸಂದುಗಳಲ್ಲಿ ಜಿರಲೆ ತಿಂದು ಸಾಯುವ ಔಷಧದ ಜೆಲ್ಲನ್ನು ಸಾಸಿವೆಯಷ್ಟು ಚುಕ್ಕೆಗಳಾಗಿ ಇಡಿಸಿದೆವು.

ವೇಳಾಪಟ್ಟಿಯ ಪ್ರಶ್ನೆ ಬರುವುದು ಇಲ್ಲಿಂದ ಮುಂದೆ. ಅಡುಗೆಮನೆಗಳಲ್ಲಿ ಸಾಮಾನ್ಯವಾದ ಜರ್ಮನ್ ಜಿರಲೆಯ ಒಂದು ಮೊಟ್ಟೆಕೋಶದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ. ಮರಿಯಾಗುವ ಹೊತ್ತು ಹತ್ತಿರವಾಗುವವರೆಗೂ ಹೆಣ್ಣು ಅದನ್ನು ಮೈಗೆ ಅಂಟಿಸಿಕೊಂಡೇ ಓಡಾಡುತ್ತದೆ, ಮತ್ತು ಕೋಶದೊಳಗಿನ ಮೊಟ್ಟೆಗಳಿಗೆ ಔಷಧ ಅಷ್ಟಾಗಿ ತಟ್ಟುವುದಿಲ್ಲ. ಆದ್ದರಿಂದ ಮೊದಲ ಸಲದ ಕೆಲಸ ಎಷ್ಟೇ ಅಚ್ಚುಕಟ್ಟಾಗಿರಲಿ, ಮೂರ್ನಾಲ್ಕು ವಾರಗಳಲ್ಲಿ ಹೊಸ ಮರಿಗಳು ಹೊರಬರುತ್ತವೆ. ಎರಡನೆಯ ತಪಾಸಣೆಯ ದಿನಾಂಕವನ್ನು ಗುತ್ತಿಗೆದಾರರ ಅನುಕೂಲ ನಿರ್ಧರಿಸಬಾರದು, ಆ ಕೀಟದ ಜೀವನಚಕ್ರವೇ ನಿರ್ಧರಿಸಬೇಕು. ತಿಗಣೆಗೆ ಇದು ಸುಮಾರು ಎರಡು ವಾರ, ಏಕೆಂದರೆ ಮೊಟ್ಟೆಗಳು 6ರಿಂದ 10 ದಿನಗಳಲ್ಲಿ ಒಡೆಯುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಬೆಚ್ಚಗಿನ ದಿನಗಳಲ್ಲಿ 7ರಿಂದ 10 ದಿನ ಸಾಕಾಗುವುದರಿಂದ ಅದಕ್ಕೆ ವಾರಕ್ಕೊಂದು ತಪಾಸಣೆ ತಪ್ಪುವಂತಿಲ್ಲ.

ಇದಕ್ಕೆಲ್ಲ ದುಬಾರಿ ತಂತ್ರಾಂಶವೇನೂ ಬೇಕಾಗಲಿಲ್ಲ. ಅಡುಗೆಮನೆಯಲ್ಲೂ ವಾರ್ಡನ್‌ಗಳ ಕೋಣೆಗಳಲ್ಲೂ ದಾರ ಕಟ್ಟಿದ ಒಂದೊಂದು ನೋಟ್‌ಬುಕ್ ತೂಗುಹಾಕಿದೆ. ಏನು ಕಂಡಿತು, ಎಲ್ಲಿ, ಯಾವ ಹೊತ್ತಿಗೆ, ಕಂಡವರು ಯಾರು ಎಂದಷ್ಟೇ ಬರೆಯಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಆದೀತು. ಅಡುಗೆಯ ಗೌರಮ್ಮನಂಥವರು ನಮ್ಮೆಲ್ಲರಿಗಿಂತ ಮೊದಲು ಹಿಕ್ಕೆಯನ್ನು ಗುರುತಿಸುತ್ತಾರೆ, ಆದರೆ ಹೇಳಿದರೆ ತಮ್ಮ ಮೇಲೇ ಗೂಬೆ ಕೂರಿಸುತ್ತಾರೆಂಬ ಅಂಜಿಕೆ ಅವರಿಗಿರುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ದೂರು ಹೆಚ್ಚಿದ್ದರೆ ಯಾರನ್ನೂ ಪ್ರಶ್ನಿಸುವಂತಿಲ್ಲ ಎಂದು ಮುಖ್ಯೋಪಾಧ್ಯಾಯರಿಂದಲೇ ಹೇಳಿಸಿದೆ. ಪ್ರತಿ ಸಂಜೆ ಆ ಸಾಲುಗಳು ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಹೋಗುತ್ತವೆ. ಬಲೆಯ ಸಂಖ್ಯೆ, ಕೋಣೆ, ಪೀಡೆ, ಮರಿ ಎಷ್ಟು, ದೊಡ್ಡವು ಎಷ್ಟು, ಕಾರಣ, ಮಾಡಬೇಕಾದ ಕೆಲಸ, ಹೊಣೆ ಯಾರದು, ಮರುತಪಾಸಣೆಯ ದಿನ, ಮುಗಿಯಿತೇ ಎಂಬ ಕಂಬಸಾಲುಗಳು ಅದರಲ್ಲಿವೆ. ಇವುಗಳಲ್ಲಿ ‘ಕಾರಣ’ ಎಂಬುದೇ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ. ಬಾಗಿಲಡಿಯ ಸಂದು, ಸೋರುವ ನಲ್ಲಿ, ಮುಚ್ಚಳವಿಲ್ಲದ ಕಸದ ಡಬ್ಬಿ ಎಂದು ಅಲ್ಲಿ ಬರೆದ ಕೂಡಲೇ ಕೆಲಸ ಕೀಟನಾಶಕದವರಿಂದ ಬಡಗಿಗೋ ಪ್ಲಂಬರ್‌ಗೋ ವರ್ಗವಾಗುತ್ತದೆ. ಕೆಲಸ ಮಾಡಿದವರೇ ‘ಮುಗಿಯಿತು’ ಎಂದು ಬರೆಯುವಂತಿಲ್ಲ. ಮರುತಪಾಸಣೆಯಲ್ಲಿ ಏನೂ ಕಾಣದಿದ್ದರೆ ಬೇರೊಬ್ಬರು ಬರೆಯುತ್ತಾರೆ.

ವರ್ಷದ ವೇಳಾಪಟ್ಟಿಯನ್ನು ಶಾಲೆಯ ಪಂಚಾಂಗದ ಮೇಲೆಯೇ ಹೆಣೆದಿದ್ದೇವೆ. ಬೇಸಿಗೆ ರಜೆಯಲ್ಲಿ, ಮಕ್ಕಳು ಬರುವ ಮೊದಲು, ಸಂದುಗಳನ್ನು ಮುಚ್ಚುವ ಕೆಲಸವೆಲ್ಲ ಮುಗಿಯಬೇಕು. ಸುಂಡಿಲಿ 6 ಮಿಲಿಮೀಟರ್ ಸಂದಿನಲ್ಲೂ ನುಸುಳಬಲ್ಲುದಾದ್ದರಿಂದ, ಪೆನ್ಸಿಲ್ ತೂರುವ ಸಂದನ್ನು ಬಿಡಬಾರದೆಂಬುದು ನಮ್ಮ ಗಾರೆ ಕೆಲಸದವರಿಗೆ ಕೊಟ್ಟ ಅಳತೆ. ಮುಂಗಾರಿನ ಮೊದಲ ಮಳೆಗೆ ಈಸಲು, ಅಂದರೆ ರೆಕ್ಕೆಯ ಗೆದ್ದಲು, ಏಳುವಾಗ ಗ್ರಂಥಾಲಯದ ಚೌಕಟ್ಟುಗಳನ್ನೂ ತಳಪಾಯದ ಅಂಚನ್ನೂ ನೋಡುತ್ತೇವೆ. ಗೆದ್ದಲಿನ ಮಣ್ಣಿನ ಗೂಡುದಾರಿ ಕಂಡರೆ ತಕ್ಷಣ ಔಷಧ ಹಾಕಿಸುವುದಿಲ್ಲ. ನಡುವೆ ಬೆರಳುದ್ದ ಒಡೆದು, ಪಕ್ಕದ ಗೋಡೆಗೆ ಪೆನ್ಸಿಲ್ಲಿನಲ್ಲಿ ದಿನಾಂಕ ಬರೆದು, ವಾರದ ನಂತರ ನೋಡುತ್ತೇವೆ. ಒಡೆದದ್ದು ಮತ್ತೆ ಕಟ್ಟಿದ್ದರೆ ಗೆದ್ದಲು ಜೀವಂತವಾಗಿದೆ. ಹಳೆಯ ಒಣ ದಾರಿಗೆ ದುಡ್ಡು ಸುರಿಯುವುದು ಇದರಿಂದ ತಪ್ಪಿತು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಶನಿವಾರ, ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ನೀರು ನಿಲ್ಲುವ ಜಾಗಗಳ ಸುತ್ತು ನಡೆಯುತ್ತದೆ. ಸಂಪಿನ ಮುಚ್ಚಳ, ಮೇಲಿನ ಟ್ಯಾಂಕಿನ ಗಾಳಿಕೊಳವೆಯ ಜಾಲರಿ, ಶೌಚಾಲಯದ ಸಿಮೆಂಟ್ ತೊಟ್ಟಿ, ತಾರಸಿಯ ತಗ್ಗು, ತೋಟದಲ್ಲಿ ಬಿದ್ದ ತೆಂಗಿನ ಚಿಪ್ಪು ಇವೆಲ್ಲ ಆ ಪಟ್ಟಿಯಲ್ಲಿವೆ. ತೊಟ್ಟಿಯನ್ನು ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು; ಈಡಿಸ್ ಮೊಟ್ಟೆಗಳು ನೀರಿನ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸಲು ಅವಕಾಶ ಮಾಡಿದ ಮೇಲೆ, ಈ ಶನಿವಾರದ ಹಾಳೆಗೆ ಕಚೇರಿಯಲ್ಲೂ ಮರ್ಯಾದೆ ಬಂತು.

ದಸರಾ ರಜೆ ಮುಗಿಸಿ ಮಕ್ಕಳು ಹಿಂದಿರುಗುವ ದಿನ ಟ್ರಂಕುಗಳನ್ನೂ ಹಾಸಿಗೆಗಳನ್ನೂ ಹೊಲಿಗೆಯ ಅಂಚಿನಲ್ಲಿ ಪರೀಕ್ಷಿಸುತ್ತೇವೆ. ರಜೆಯಲ್ಲಿ ಕೋಣೆ ಮುಚ್ಚಿದ್ದರೆ ತಿಗಣೆ ತಾನೇ ಸಾಯುತ್ತದೆಂಬ ನಂಬಿಕೆ ಹಲವರಲ್ಲಿದೆ. ಆದರೆ ಅದು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ರಾಗಿ ಕೊಯ್ಲಾದ ಮೇಲೆ ಹೊಲದ ಇಲಿಗಳು ಉಗ್ರಾಣದತ್ತ ತಿರುಗುತ್ತವೆಯಾದ್ದರಿಂದ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಇಲಿಯ ತಪಾಸಣೆ ವಾರಕ್ಕೊಮ್ಮೆ. ರಾತ್ರಿ ಬಾಗಿಲ ಬಳಿ ರಂಗೋಲಿ ಪುಡಿಯನ್ನು ತೆಳುವಾಗಿ ಎರಚಿಟ್ಟರೆ ಬೆಳಿಗ್ಗೆ ಹೆಜ್ಜೆಗಳು ದಾರಿ ತೋರಿಸುತ್ತವೆ. ಇಲಿಗೆ ಹೊಸ ವಸ್ತುವನ್ನು ಕಂಡರೆ ಅನುಮಾನ, ಹೀಗಾಗಿ ಕತ್ತರಿ ಬೋನುಗಳನ್ನು ಮೊದಲ ಕೆಲವು ರಾತ್ರಿ ತಿನಿಸು ಇಟ್ಟು, ಕಟ್ಟದೆ ಬಿಡುತ್ತೇವೆ. ವಿಷದ ಕೇಕನ್ನು ಕಟ್ಟಡದೊಳಗೆ ಇಡುವುದಿಲ್ಲ. ತೀರ ಅಗತ್ಯವಾದರೆ ಹೊರಗೋಡೆಯ ಬಳಿ, ಬೀಗವಿರುವ ಪೆಟ್ಟಿಗೆಯಲ್ಲಿ ಮಾತ್ರ.

ವಿಷದ ಬಗ್ಗೆ ನಾನು ತುಸು ಹಟಮಾರಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅದಾದ ಮೇಲೂ ಉಗ್ರಾಣದ ಮೂಲೆಯಲ್ಲಿ ಕೀಟನಾಶಕದ ಡಬ್ಬಿ ಇಡುವ ಶಾಲೆಗಳಿದ್ದರೆ ಅದಕ್ಕೆ ಏನು ಹೇಳಬೇಕೋ ತಿಳಿಯದು. ನಮ್ಮ ಆವರಣದಲ್ಲಿ ಕೀಟನಾಶಕ ದಾಸ್ತಾನೇ ಇಲ್ಲ; ಗುತ್ತಿಗೆದಾರರು ತಂದದ್ದನ್ನು ಅಂದೇ ಕೊಂಡೊಯ್ಯಬೇಕು, ಖಾಲಿ ಡಬ್ಬಿಯನ್ನೂ ಸಹ. ಅಕ್ಕಿಗೆ, ಬೇಳೆಗೆ ಹುಳು ಬಿದ್ದರೆ ಮಾತ್ರೆ ಹಾಕಿಸೋಣ ಎನ್ನುವವರಿದ್ದಾರೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಸಾರ್ವಜನಿಕರಿಗೆ ಮಾರುವುದಕ್ಕೇ ನಿರ್ಬಂಧವಿದೆ, ಮಕ್ಕಳು ಮಲಗುವ ಆವರಣಕ್ಕಂತೂ ಅದು ಬರಲೇಬಾರದು. ಮಳೆಗಾಲದಲ್ಲಿ ಬೇಳೆಯನ್ನು ಕಡಿಮೆ ಕೊಳ್ಳುವುದು, ಮೊದಲು ಬಂದ ಚೀಲವನ್ನು ಮೊದಲು ಒಡೆಯುವುದು, ಚೀಲಗಳನ್ನು ಮಣೆಯ ಮೇಲೆ ಗೋಡೆಯಿಂದ ದೂರ ಇಡುವುದು, ಇಷ್ಟರಿಂದಲೇ ನಮ್ಮ ಉಗ್ರಾಣ ಸುಧಾರಿಸಿತು.

ಔಷಧ ಹಾಕಲೇಬೇಕಾದಾಗ ಸೂಚನೆ ಹಚ್ಚುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಎರವಲು ಪಡೆದೆ. ಅಲ್ಲಿ 2000ನೇ ಇಸವಿಯಲ್ಲಿ ಬಂದ ಆರೋಗ್ಯಕರ ಶಾಲೆಗಳ ಕಾಯ್ದೆಯ ಪ್ರಕಾರ ಔಷಧ ಹಾಕುವ 24 ಗಂಟೆ ಮೊದಲಿಂದ, ಹಾಕಿದ 72 ಗಂಟೆಗಳ ನಂತರದವರೆಗೆ ಫಲಕ ಇರಬೇಕು. ನಮ್ಮ ಫಲಕದಲ್ಲಿ ಔಷಧದ ಹೆಸರು, ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ, ಜಾಗ, ಸಮಯ ಬರೆದಿರುತ್ತದೆ. ಉಬ್ಬಸವಿರುವ ಮಕ್ಕಳ ಪಟ್ಟಿ ಇರುವ ವಾರ್ಡನ್‌ಗೆ ಪ್ರತ್ಯೇಕವಾಗಿ ತಿಳಿಸುತ್ತೇವೆ. ಅತಿ ವಿಷಕಾರಿಯೆಂದು ಸೂಚಿಸುವ ಕೆಂಪು ಮತ್ತು ಅದರ ನಂತರದ ಹಳದಿ ತ್ರಿಕೋನದ ಯಾವುದೂ ಕಟ್ಟಡದೊಳಕ್ಕೆ ಬರುವಂತಿಲ್ಲ ಎಂಬುದು ಈಗ ಕರಾರಿನಲ್ಲೇ ಇದೆ.

ಕರಾರನ್ನು ಬದಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಸಿಂಪಡಿಸದೆ ಹೋದರೆ ಹಣ ಕೊಡುವುದು ಯಾತಕ್ಕೆಂದು ಲೆಕ್ಕಪತ್ರದವರೂ, ಬಲೆ ಎಣಿಸಲು ಹುಡುಗರನ್ನು ಕಳಿಸುವುದು ನಷ್ಟವೆಂದು ಗುತ್ತಿಗೆದಾರರೂ ವಾದಿಸಿದರು. ಕೊನೆಗೆ ತಪಾಸಣೆಯ ಭೇಟಿಗೆ ನಿಗದಿತ ಮೊತ್ತ, ಮರುತಪಾಸಣೆಯಲ್ಲಿ ಮುಗಿದ ಪ್ರಕರಣಕ್ಕೆ ಉಳಿದ ಮೊತ್ತ ಎಂದು ಒಪ್ಪಂದವಾಯಿತು. ಈಗ ಅವರ ಹುಡುಗರು ಬಂದೊಡನೆ ಪಂಪನ್ನು ಹೆಗಲಿಗೇರಿಸುವುದಿಲ್ಲ. ಕಚೇರಿಯಲ್ಲಿ ಹಾಳೆಯ ಪ್ರತಿ ಪಡೆದು, ಬಾಕಿಯಿರುವ ಬಲೆಗಳ ಸಂಖ್ಯೆ ಹಿಡಿದು, ಟಾರ್ಚ್ ಬೆಳಕಿನಲ್ಲಿ ಒಂದೊಂದನ್ನೇ ನೋಡುತ್ತ ಹೋಗುತ್ತಾರೆ. ಈ ವರ್ಷದ ಬೇಸಿಗೆ ರಜೆಗೆ ಹೊಸ ವಿದ್ಯಾರ್ಥಿನಿಲಯದ ನಕಾಶೆಗೂ ಸಂಖ್ಯೆ ಹಾಕುವ ಕೆಲಸವಿದೆ.