ಪ್ರಪೋಸಲ್ ಬರೆಯುವ ಮುಂಚೆ ಒಂದು ಫೋನ್ ಮಾಡಿ

ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡಿಕೊಡಲು ನಾನು ಕಳಿಸಿದ ಮೊದಲ ಪ್ರಪೋಸಲ್ ಒಂಬತ್ತು ಪುಟ ಇತ್ತು. ಅದರಲ್ಲಿ ನಾಲ್ಕು ಪುಟ ನನ್ನದೇ ಪುರಾಣ. ಓದಿದ್ದು, ಕಲಿತದ್ದು, ಗೊತ್ತಿರುವ ಸಾಫ್ಟ್‌ವೇರ್‌ಗಳ ಪಟ್ಟಿ. ಉತ್ತರವೇ ಬರಲಿಲ್ಲ. ಕೆಲಸ ಸಿಕ್ಕಿದ್ದು ಒಂದೂವರೆ ಪುಟ ಬರೆದ ಗೋಣಿಕೊಪ್ಪಲಿನ ಹುಡುಗಿಗೆ. ಅವಳು ಬರೆಯುವ ಮುಂಚೆ ಫೋನ್ ಮಾಡಿ, "ಈಗ ನಿಮಗೆ ಜಾಸ್ತಿ ತಲೆನೋವು ಯಾವುದು ಸರ್?" ಎಂದು ಕೇಳಿದ್ದಳಂತೆ.

ತಲೆನೋವು ಎರಡಿತ್ತು. ಬುಕಿಂಗ್ ಆ್ಯಪ್‌ಗಳಿಗೆ ಹೋಗುವ ಕಮಿಷನ್ ಒಂದು. ತೋಟದ ದಾರಿಯಲ್ಲಿ ನೆಟ್‌ವರ್ಕ್ ಸಿಗದೆ ದಾರಿ ತಪ್ಪುವ ಅತಿಥಿಗಳು ಇನ್ನೊಂದು. ನನ್ನ ಒಂಬತ್ತು ಪುಟದಲ್ಲಿ ಎರಡರ ಸುದ್ದಿಯೂ ಇರಲಿಲ್ಲ.

ಹಾಗಾಗಿ ಮೊದಲ ಹೆಜ್ಜೆ ಬರೆಯುವುದಲ್ಲ, ಕೇಳುವುದು. ಏನು ಬೇಕು? ಈಗಲೇ ಯಾಕೆ ಬೇಕು? ಈ ಕೆಲಸ ಹಿಂದೆ ಯಾರಿಗಾದರೂ ಕೊಟ್ಟಿದ್ರಾ, ಎಲ್ಲಿ ಕೆಟ್ಟಿತು? ಎಷ್ಟು ಖರ್ಚಿಗೆ ತಯಾರಿದ್ದೀರಿ? ಕೊನೆಯದನ್ನು ಕೇಳಲು ನಮಗೆಲ್ಲ ಸಂಕೋಚ. ಆದರೂ ಕೇಳಿ. ಮೂರನೆಯದಕ್ಕೆ ಬರುವ ಉತ್ತರವನ್ನಂತೂ ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. "ದುಡ್ಡು ಇಸ್ಕೊಂಡು ಫೋನ್ ಎತ್ತಲಿಲ್ಲ" ಎಂದರೆ, ನಿಮ್ಮ ಪ್ರಪೋಸಲ್‌ನಲ್ಲಿ "ಪ್ರತಿ ಸೋಮವಾರ ಕೆಲಸ ಎಲ್ಲಿಗೆ ಬಂತೆಂದು ವಾಟ್ಸ್ಆ್ಯಪ್ ಮಾಡುತ್ತೇನೆ" ಎಂಬ ಸಾಲು ಇರಲೇಬೇಕು.

ಎರಡನೆಯದು ಶುರುವಿನ ಸಾಲು. "ನಾನು ಐದು ವರ್ಷಗಳ ಅನುಭವವಿರುವ ವೆಬ್ ಡಿಸೈನರ್" ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು ಹೀಗೆ ಬರೆದು ನೋಡಿ: "ನಿಮ್ಮ ಅತಿಥಿಗಳು ನೇರವಾಗಿ ನಿಮಗೇ ಫೋನ್ ಮಾಡಿ ರೂಮ್ ಹಿಡಿಯಬೇಕು, ಊರು ಬಿಡುವ ಮುಂಚೆಯೇ ದಾರಿಯ ನಕ್ಷೆ ಅವರ ಮೊಬೈಲ್‌ನಲ್ಲಿ ಇರಬೇಕು. ಇವೆರಡನ್ನು ನಾಲ್ಕು ವಾರದಲ್ಲಿ ಮಾಡಿಕೊಡುತ್ತೇನೆ." ಓದುವವರಿಗೆ ತಮ್ಮದೇ ಮಾತು ಕೇಳಿಸುತ್ತದೆ, ಅಲ್ವಾ?

ಹೊರದೇಶದ ಕೆಲಸ ಹುಡುಕುವವರಿಗೂ ಇದೇ ಮಾತು. ಫ್ರೀಲ್ಯಾನ್ಸ್ ಕೆಲಸ ಸಿಗುವ ಅಪ್‌ವರ್ಕ್ ಎಂಬ ವೆಬ್‌ಸೈಟ್‌ನಲ್ಲಿ ಪ್ರಪೋಸಲ್ ಕಳಿಸಲು ಕನೆಕ್ಟ್ಸ್ ಖರ್ಚಾಗುತ್ತವೆ, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಟೋಕನ್‌ಗಳು. ಒಂದೇ ಒಕ್ಕಣೆಯನ್ನು ಇಪ್ಪತ್ತು ಜನಕ್ಕೆ ಸುಮ್ನೆ ಅಂಟಿಸಿದರೆ ಕೈಯಿಂದ ದುಡ್ಡು ಹೋಗುತ್ತದೆ. ಫೋನ್ ಮಾಡಲಾಗದ ಕಡೆ ಅವರ ಜಾಹೀರಾತನ್ನೇ ಎರಡು ಸಲ ಓದಿ. ಕೆಲಸದ ಜೊತೆಗೆ ದೂರೂ ಅದರಲ್ಲೇ ಎಲ್ಲೋ ಇರುತ್ತದೆ. ಅನುಭವದ ವಿಷಯ ಕೊನೆಗಿರಲಿ. ಇಂಥದ್ದೇ ಕೆಲಸದ ಎರಡು ಲಿಂಕ್ ಸಾಕು.

ಇನ್ನು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬ ಭಾಗ. ನಾನು ಪೆಟ್ಟು ತಿಂದು ಕಲಿತದ್ದು ಇಲ್ಲೇ. ಸೋಮವಾರಪೇಟೆ ಹತ್ತಿರದ ಒಬ್ಬ ಗ್ರಾಹಕರಿಗೆ "ಅಗತ್ಯವಿದ್ದಲ್ಲಿ ತಿದ್ದುಪಡಿ ಮಾಡಿಕೊಡಲಾಗುವುದು" ಎಂದು ಬರೆದುಕೊಟ್ಟೆ. ಬುಕಿಂಗ್ ಬಟನ್‌ನ ಬಣ್ಣ ಹನ್ನೊಂದು ಸಲ ಬದಲಾಯಿತು. ಹಸಿರು, ಕಾಫಿ ಹಣ್ಣಿನ ಕೆಂಪು, ಮತ್ತೆ ಹಸಿರು, ಮಗಳು ಮೈಸೂರಿನಿಂದ ಬಂದಾಗ ನೀಲಿ. ತಪ್ಪು ಅವರದಲ್ಲ, ನನ್ನ ಸಾಲಿನದು. ಈಗ ಬರೆಯುವುದು ಹೀಗೆ: "ಐದು ಪುಟ, ನೀವು ಕೊಡುವ 30 ಫೋಟೊ, ಎರಡು ಸುತ್ತು ತಿದ್ದುಪಡಿ. ಮೂರನೆಯ ಸುತ್ತಿನಿಂದ ಸುತ್ತಿಗೆ 1,500 ರೂಪಾಯಿ. ಫೋಟೊ ತೆಗೆಯುವುದು, ಡೊಮೈನ್ (ವೆಬ್‌ಸೈಟ್ ವಿಳಾಸ) ಶುಲ್ಕ ಇದರಲ್ಲಿ ಸೇರಿಲ್ಲ."

ದಿನಾಂಕ ಹಾಕುವಾಗ ಮಳೆ ನೆನಪಿರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಬೆಂಗಳೂರಿನ ಕ್ಲೈಂಟ್‌ಗೆ ಇದು ಅರ್ಥವಾಗುವುದಿಲ್ಲ. ನೆಪ ಅಂದುಕೊಳ್ಳುತ್ತಾರೆ. ಮಳೆಗಾಲದ ಕೆಲಸಕ್ಕೆ ನಾನು ವಾರಕ್ಕೆ ಎರಡು ದಿನ ಜಾಸ್ತಿ ಹಿಡಿದು, ಯಾಕೆಂದು ಅಲ್ಲೇ ಬರೆಯುತ್ತೇನೆ. ಬೇಕಾದರೆ ಕುಶಾಲನಗರಕ್ಕೆ ಹೋಗಿ ಕೂತು ಕೆಲಸ ಮುಗಿಸುತ್ತೇನೆ ಎಂದೂ ಸೇರಿಸುತ್ತೇನೆ. ಇದನ್ನು ಓದಿ ಕೆಲಸ ಕೊಡದವರು ನನಗೆ ಇನ್ನೂ ಸಿಕ್ಕಿಲ್ಲ.

ದುಡ್ಡಿನ ವಿಷಯ. ಒಟ್ಟು ಮೊತ್ತ ಒಂದೇ ಬರೆದು ಬಿಡಬೇಡಿ, ಕಂತು ಮಾಡಿ. 36,000 ರೂಪಾಯಿಯ ಕೆಲಸವಾದರೆ ಶುರುವಿಗೆ 12,000, ಮೊದಲ ನಮೂನೆ ಒಪ್ಪಿದ ಮೇಲೆ 12,000, ಸೈಟ್ ಕೈಗೆ ಕೊಡುವ ಮುಂಚೆ ಉಳಿದದ್ದು. ತೋಟದವರ ಕೈಗೆ ಹಣ ಬರುವುದು ಕಾಫಿ ಮಾರಿದ ಮೇಲೆ. ಕೊಯ್ಲಿನ ಸಮಯದಲ್ಲಿ ಇದ್ದದ್ದೆಲ್ಲ ಕೂಲಿಗೇ ಹೋಗುತ್ತಿರುತ್ತದೆ. ಡಿಸೆಂಬರ್‌ನಲ್ಲಿ ಕೆಲಸ ಶುರುವಾದರೆ ದೊಡ್ಡ ಕಂತನ್ನು ಮಾರ್ಚ್‌ಗೆ ಇಟ್ಟು ನೋಡಿ, ರೇಟ್ ಚೌಕಾಸಿ ಕಡಿಮೆಯಾಗುತ್ತದೆ. ಕೊಡುವ ಮನಸ್ಸಿದ್ದರೂ ಕೈಯಲ್ಲಿ ಇಲ್ಲದಿರುವುದೇ ಎಷ್ಟೋ ಸಲ ಚೌಕಾಸಿಗೆ ಕಾರಣ.

ತೆರಿಗೆಗೆ ಒಂದು ಸಾಲು ಸಾಕು. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದಿದ್ದರೆ ಬಿಲ್‌ನಲ್ಲಿ ಜಿಎಸ್‌ಟಿ ಸೇರಿಸುವಂತಿಲ್ಲ. ಅದನ್ನು ಪ್ರಪೋಸಲ್‌ನಲ್ಲೇ ಹೇಳಿಬಿಡಿ.

ಕಳಿಸುವ ಮುಂಚೆ ಜೋರಾಗಿ ಒಮ್ಮೆ ಓದಿ. ಎರಡು ಪುಟ ದಾಟಿದ್ದರೆ ಕತ್ತರಿಸಿ. ಪಿಡಿಎಫ್ ಮಾಡಿ, ಮೊಬೈಲ್‌ನಲ್ಲಿ ತೆರೆದು ನೋಡಿ. ಅವರು ಓದುವುದು ಅದರಲ್ಲೇ, ಬಹುಶಃ ಕಣದಲ್ಲಿ ನಿಂತುಕೊಂಡು.

ಕಳಿಸಿದ ನಾಲ್ಕನೇ ದಿನ ಒಂದು ಮೆಸೇಜ್ ಹಾಕಿ. "ನೋಡಿದ್ರಾ ಸರ್?" ಬೇಡ. "ನಕ್ಷೆಯ ಒಂದು ನಮೂನೆ ಮಾಡಿದ್ದೇನೆ, ಕಳಿಸಲಾ?" ಎನ್ನಿ. ಕೊಯ್ಲಿನ ದಿನಗಳಾದರೆ ಸಂಜೆ ಏಳರ ಮೇಲೆ ಹಾಕಿ. ಅದಕ್ಕೂ ಮುಂಚೆ ಅವರು ಹಣ್ಣಿನ ಮೂಟೆ ತೂಕ ಹಾಕಿಸುತ್ತಿರುತ್ತಾರೆ.