ಭರತನಾಟ್ಯ ಕಲಿತ ಮಗು ಶಾಲೆಯಲ್ಲಿ ಬ್ಯಾಲೆ, ಮಾಡರ್ನ್, ಜಾಝ್ ಕಲಿಯಲು ಹೊರಟರೆ

ನ್ಯೂಯಾರ್ಕಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಡ್ಯಾನ್ಸನ್ನೇ ಮುಖ್ಯ ವಿಷಯವಾಗಿ ಓದಬಹುದು, ಅದೂ ಫೀಸಿಲ್ಲದೆ. ಇಲ್ಲಿನ ಎಷ್ಟೋ ಕನ್ನಡ ಮನೆಗಳಿಗೆ ಇದು ಗೊತ್ತೇ ಇಲ್ಲ. ಲಿಂಕನ್ ಸೆಂಟರ್ ಪಕ್ಕದ ಲಗ್ವಾರ್ಡಿಯಾ ಹೈಸ್ಕೂಲ್ ಎಲ್ಲಕ್ಕಿಂತ ಹೆಸರಾದದ್ದು. 1936ರಲ್ಲಿ ಮೇಯರ್ ಲಗ್ವಾರ್ಡಿಯಾ ಶುರು ಮಾಡಿದ ಸಂಗೀತ-ಚಿತ್ರಕಲೆಯ ಶಾಲೆ, ಆಮೇಲೆ ಬಂದ ರಂಗಕಲೆಗಳ ಶಾಲೆ, ಎರಡೂ 1984ರಲ್ಲಿ ಆ ಕಟ್ಟಡದಲ್ಲಿ ಒಂದಾದವು. ನಗರದೊಳಗೆ ವಾಸ ಇರಬೇಕು, ಆಡಿಷನ್ ಕೊಡಬೇಕು. ಒಳಗೆ ಹೋದ ಮೇಲೆ ಎಲ್ಲರಂತೆ ಗಣಿತ, ವಿಜ್ಞಾನವೂ ಉಂಟು, ಜೊತೆಗೆ ಸ್ಟುಡಿಯೋದಲ್ಲಿ ಡ್ಯಾನ್ಸೂ ಉಂಟು. ಇಂಥ ಶಾಲೆಗಳು ಇನ್ನೂ ಹಲವು ಇವೆ. ನನ್ನ ಮಗಳು ಅಂಥದ್ದೊಂದಕ್ಕೆ ಏಳು ವರ್ಷದ ಭರತನಾಟ್ಯ ಹೊತ್ತುಕೊಂಡು ಹೋದಳು. ಆ ಏಳು ವರ್ಷದಲ್ಲಿ ಯಾವುದು ಕೈ ಹಿಡಿಯಿತು, ಯಾವುದನ್ನು ಬಿಡಿಸಬೇಕಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ನಮಗೆ ಇದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲ.

ಶುರು ಬ್ಯಾಲೆಯಿಂದಲೇ ಆಗಲಿ. 7ನೇ ತರಗತಿಗೆ ಬರುವಷ್ಟರಲ್ಲಿ ಹತ್ತಿರದ ಯಾವುದಾದರೂ ಸ್ಟುಡಿಯೋದಲ್ಲಿ ವಾರಕ್ಕೆ ಎರಡು ಕ್ಲಾಸಿಗೆ ಸೇರಿಸಿ. ಎಲ್ಲಿ ಹೋದರೂ ಕ್ಲಾಸಿನ ಕ್ರಮ ಹೆಚ್ಚುಕಮ್ಮಿ ಒಂದೇ: ಮೊದಲು ಬಾರ್, ಅಂದರೆ ಗೋಡೆ ಪಕ್ಕದ ಕಂಬಿ ಹಿಡಿದು ಪ್ಲಿಯೇ (ಮಂಡಿ ಬಗ್ಗಿಸಿ ಏಳುವುದು), ತಾಂದ್ಯು (ಪಾದವನ್ನು ನೆಲದ ಮೇಲೆ ಚಾಚುವುದು), ರೋಂ ದ ಜಾಂಬ್ (ಕಾಲನ್ನು ಅರ್ಧವೃತ್ತದಲ್ಲಿ ತಿರುಗಿಸುವುದು); ಆಮೇಲೆ ಕಂಬಿ ಬಿಟ್ಟು ನಡುವೆ ಬರಬೇಕು; ಕೊನೆಗೆ ನೆಗೆತ. 1661ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿ ಡ್ಯಾನ್ಸಿಗೆಂದೇ ಒಂದು ಅಕಾಡೆಮಿ ಕಟ್ಟಿದ, ಹಾಗಾಗಿ ಹೆಸರೆಲ್ಲ ಇವತ್ತಿಗೂ ಫ್ರೆಂಚ್. ಟೀಚರ್ ಒಂದೇ ಉಸಿರಲ್ಲಿ ಐದಾರು ಹೆಸರು ಹೇಳಿ ಪಿಯಾನೋ ಶುರು ಮಾಡಿಸುತ್ತಾರೆ, ಮಾಡಿ ತೋರಿಸುವುದು ಕಡಿಮೆ. ಆದ್ದರಿಂದ ಹೆಸರುಗಳನ್ನು ಬಾಯಿಪಾಠ ಮಾಡಿಸಿ. ಪತಾಕ, ತ್ರಿಪತಾಕ, ಅರ್ಧಪತಾಕ ಎಂದು ಕೈಮುದ್ರೆಗಳ ಹೆಸರು ಹೇಳಿಕೊಂಡು ಬೆಳೆದ ಮಕ್ಕಳಿಗೆ ಇದು ಒಂದು ವಾರದ ಕೆಲಸ.

ಪ್ಲಿಯೇ ನೋಡಿದ ಕೂಡಲೇ ಮಕ್ಕಳು "ಅಯ್ಯೋ ಇದು ಅರೆಮಂಡಿ" ಅನ್ನುತ್ತಾರೆ. ಹತ್ತಿರದ್ದೇ, ಆದರೆ ಅದಲ್ಲ. ಅರೆಮಂಡಿ ಎಂದರೆ ಮಂಡಿಯನ್ನು ಹೊರಗೆ ಬಗ್ಗಿಸಿ ಅರ್ಧ ಕೂರುವ ಭರತನಾಟ್ಯದ ಭಂಗಿ, ಅದರಲ್ಲಿ ಕೂತು ಅಲ್ಲೇ ಇರುತ್ತೇವೆ, ಪ್ಲಿಯೇಯಲ್ಲಿ ಇಳಿದು ಏಳುತ್ತಲೇ ಇರಬೇಕು, ಎಲ್ಲೂ ನಿಲ್ಲುವ ಹಾಗಿಲ್ಲ. ಇನ್ನೊಂದು ವಿಷಯ, ಇದಕ್ಕೆ ದಯವಿಟ್ಟು ಗಮನ ಕೊಡಿ: ಕಾಲು ಹೊರಗೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ನಮ್ಮ ಎಷ್ಟೋ ಮಕ್ಕಳು ಪಾದವನ್ನು ಮಾತ್ರ ಹೊರಗೆ ತಿರುಗಿಸಿ ಮಂಡಿಯನ್ನು ಮುಂದಕ್ಕೆ ಬಿಟ್ಟಿರುತ್ತಾರೆ, ಆ ತಿರುಚುವಿಕೆಯ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಕನ್ನಡಿ ಮುಂದೆ ಅರೆಮಂಡಿ ಕೂರಿಸಿ ನೋಡಿ. ಮಂಡಿ, ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಇಲ್ಲದಿದ್ದರೆ ಪಾದ ಸ್ವಲ್ಪ ಒಳಗೆ ತರಿಸಿ, ಅಷ್ಟೇ ತಿರುವು ಸಾಕು. ಚೆನ್ನಾಗಿ ಕಾಣಲಿ ಎಂದು ಒತ್ತಾಯ ಮಾಡಬೇಡಿ.

ಬಿಡಿಸಲು ಎಲ್ಲಕ್ಕಿಂತ ಕಷ್ಟವಾದದ್ದು ತಟ್ಟುವ ಅಭ್ಯಾಸ. ಭರತನಾಟ್ಯದ ಮೊದಲ ಹೆಜ್ಜೆಗಳಾದ ತಟ್ಟಡವು, ನಾಟಡವು ಎಂದು ವರ್ಷಗಟ್ಟಲೆ ಪೂರ್ತಿ ಪಾದ ನೆಲಕ್ಕೆ ತಟ್ಟಿದ ಮಗು ನೆಗೆದು ಇಳಿದರೆ ದಡ್ ಎಂದು ಸದ್ದು. ಬ್ಯಾಲೆಯಲ್ಲಿ ಮೊದಲು ಬೆರಳು, ಆಮೇಲೆ ಮುಂಗಾಲು, ಆಮೇಲೆ ಹಿಮ್ಮಡಿ, ಸದ್ದೇ ಬರಬಾರದು. ಮಗಳಿಗೆ ಇದು ಸರಿಯಾಗಲು ಎರಡು ತಿಂಗಳು ಹಿಡಿಯಿತು. ಊಟದ ಕುರ್ಚಿಯ ಬೆನ್ನು ಹಿಡಿದು ದಿನಾ ಹದಿನಾರು ಚಿಕ್ಕ ನೆಗೆತ, ಪಕ್ಕದ ಕೋಣೆಯಲ್ಲಿ ಕೂತವರಿಗೆ ಕೇಳಿಸದ ಹಾಗೆ. ಆದರೆ ಬೇಸ್‌ಮೆಂಟಿನಲ್ಲಿ ಮಾತ್ರ ಬೇಡ. ಟೈಲ್ಸ್ ಕೆಳಗೆ ಇರುವುದು ಕಾಂಕ್ರೀಟು, ಅದರ ಮೇಲೆ ನೆಗೆದು ನೆಗೆದು ಮೊಣಕಾಲಿನ ಕೆಳಗಿನ ಮುಂದಿನ ಎಲುಬು ನೋಯಲು ಶುರುವಾದರೆ ವಾರಗಟ್ಟಲೆ ಸುಮ್ನೆ ಕೂರಬೇಕಾಗುತ್ತದೆ. ಮರದ ನೆಲ ಇರುವ ಕೋಣೆ ನೋಡಿಕೊಳ್ಳಿ.

ಕೈಬೆರಳು ಬಿಗಿ ಹಿಡಿಯುವುದೂ ಹೋಗಬೇಕು. ಬ್ಯಾಲೆಯ ಕೈ ಮೆತ್ತಗೆ. ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಪ್ವಾಂಟ್ ಶೂ ಬೇಕೆಂದು ಮಕ್ಕಳು ಹಟ ಮಾಡುತ್ತಾರೆ, ಟೀಚರ್ ಹೇಳುವ ತನಕ ಕೊಡಿಸಬೇಡಿ, ಪಾದ ಗಟ್ಟಿಯಾಗಲು ವರ್ಷಗಳು ಬೇಕು.

ಮಾಡರ್ನ್‌ನಲ್ಲಿ ಬರಿಗಾಲು, ಹಾಗಾಗಿ ನಮ್ಮ ಮಕ್ಕಳಿಗೆ ಅದು ಮನೆಗೆ ಬಂದ ಹಾಗೆ ಅನ್ನಿಸುತ್ತದೆ. ಮೊದಲ ದಿನ ಮಾತ್ರ. ಏಳು ವರ್ಷ "ಬೆನ್ನು ನೇರ, ಬೆನ್ನು ನೇರ" ಎಂದು ಕೇಳಿದವಳಿಗೆ ಈಗ ಬೆನ್ನು ಬಗ್ಗಿಸು, ನೆಲಕ್ಕೆ ಬೀಳು, ಉರುಳು ಅನ್ನುತ್ತಾರೆ. ಇದರಲ್ಲಿ ಕಟ್ಟಿದವರ ಹೆಸರಿನಲ್ಲೇ ಹಲವು ಪದ್ಧತಿಗಳಿವೆ. ಮಾರ್ಥಾ ಗ್ರಹಾಂ ಪದ್ಧತಿಯಲ್ಲಿ ಕಾಂಟ್ರಾಕ್ಷನ್ ಎಂದರೆ ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಗೆ ಎಳೆದು ಬೆನ್ನನ್ನು ಬಿಲ್ಲಿನ ಹಾಗೆ ಮಾಡುವುದು. ಹೊಸೆ ಲಿಮೋನ್ ಪದ್ಧತಿಯಲ್ಲಿ ಮೈಯ ಭಾರವನ್ನು ಕೆಳಕ್ಕೆ ಬಿಟ್ಟು ಮತ್ತೆ ಮೇಲಕ್ಕೆ ಎತ್ತಿಕೊಳ್ಳುವುದು. ಲೆಸ್ಟರ್ ಹಾರ್ಟನ್ ಪದ್ಧತಿಯಲ್ಲಿ ಬೆನ್ನನ್ನು ಮೇಜಿನ ಹಲಗೆಯಂತೆ ಚಪ್ಪಟೆಯಾಗಿ ಮುಂದಕ್ಕೆ ಬಾಗಿಸುವುದು. ಹೆಸರಾಂತ ನೃತ್ಯಗಾರ ಆಲ್ವಿನ್ ಏಯ್ಲಿ ಈ ಹಾರ್ಟನ್ನರ ಶಿಷ್ಯರೇ, ನ್ಯೂಯಾರ್ಕಿನಲ್ಲಿ ಏಯ್ಲಿ ಕಂಪನಿಯ ಒಂದು ಶೋ ತೋರಿಸಿಬಿಡಿ, ನೂರು ಮಾತು ಹೇಳುವುದು ಉಳಿಯುತ್ತದೆ. ನಿಮ್ಮ ಶಾಲೆ ಯಾವ ಪದ್ಧತಿ ಕಲಿಸುತ್ತದೆ ಎಂದು ಮೊದಲೇ ಕೇಳಿ.

ನಿಜವಾದ ಕಷ್ಟ ಬೇರೆಯೇ ಇದೆ. ಮಾಡರ್ನ್ ಟೀಚರ್ "ನೀನೇ ಒಂದು ನಿಮಿಷದ್ದು ಕಟ್ಟಿಕೊಂಡು ಬಾ" ಅನ್ನುತ್ತಾರೆ. ಗುರುಗಳು ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಒಪ್ಪಿಸಲು ಕಲಿತ ಮಗುವನ್ನು ಅಲ್ಲಿಯವರೆಗೆ ಯಾರೂ ಹೀಗೆ ಕೇಳಿರುವುದಿಲ್ಲ. ಮಗಳು ಅವತ್ತು ರಾತ್ರಿ ಅತ್ತಳು. ಕೊನೆಗೆ ಅವಳಿಗೆ ದಾರಿ ಸಿಕ್ಕಿದ್ದು ಊರಿನ ಅಡುಗೆಮನೆಯಲ್ಲಿ. ಈಳಿಗೆಮಣೆ ಮೇಲೆ ಒಂದು ಮಂಡಿ ಎತ್ತಿ ಕೂತು ಕಾಯಿ ತುರಿಯುವ ಅಜ್ಜಿಯ ಭುಜ, ಮುಂದಕ್ಕೆ ಬಾಗಿದ ಬೆನ್ನು, ಗಿಟುಕು ತಿರುಗಿಸುವ ಮಣಿಕಟ್ಟು ಅವಳಿಗೆ ನೆನಪಿತ್ತು. ಅದನ್ನು ಮೊದಲು ಇದ್ದಂತೆ ಮಾಡಿದಳು, ಆಮೇಲೆ ನಿಂತು ಮಾಡಿದಳು, ಆಮೇಲೆ ನಾಲ್ಕು ಪಟ್ಟು ನಿಧಾನ, ಆಮೇಲೆ ಕೈ ಬಿಟ್ಟು ಬರೀ ಬೆನ್ನಲ್ಲಿ. ನೋಡಿದವರಿಗೆ ಕಾಯಿ ತುರಿಯುವುದು ಎಂದು ಗೊತ್ತಾಗುವುದಿಲ್ಲ, ಆದರೆ ಅಜ್ಜಿಯ ಮೈ ಅದರೊಳಗಿದೆ. ನಿಮ್ಮ ಮಗುವಿಗೂ ವಾರಕ್ಕೊಂದು ಹೀಗೆ ಕಟ್ಟಲು ಹೇಳಿ, ಎಂಟು ಎಣಿಕೆಯಷ್ಟು ಸಾಕು. ಚೆನ್ನಾಗಿದೆಯೋ ಇಲ್ಲವೋ ಎಂದು ನೀವು ಹೇಳಲು ಹೋಗಬೇಡಿ.

ಜಾಝ್‌ನಲ್ಲಿ ನಮ್ಮ ಮಕ್ಕಳು ಬೇಗ ಮುಂದೆ ಬರುತ್ತಾರೆ. ಇದರ ಬೇರು ಆಫ್ರಿಕನ್ ಅಮೆರಿಕನ್ ಜನರ ಕುಣಿತದಲ್ಲಿದೆ, ಅದನ್ನು ಮಗುವಿಗೆ ಹೇಳಿಯೇ ಕಳಿಸಿ. ಮುಖ್ಯ ಪಾಠ ಐಸೊಲೇಷನ್: ತಲೆ, ಭುಜ, ಎದೆಗೂಡು, ಸೊಂಟ, ಒಂದು ಅಲುಗಿದರೆ ಉಳಿದದ್ದು ಅಲುಗಬಾರದು. ಸುಂದರಿ ಗ್ರೀವಾ ಮಾಡುವಾಗ ಭುಜ ಅಲುಗದೆ ಕತ್ತು ಮಾತ್ರ ಪಕ್ಕಕ್ಕೆ ಸರಿಯುತ್ತದೆ ಅಲ್ವಾ, ಅದೇ ಇದು. ಬ್ರಾಡ್‌ವೇ, ಹಾಲಿವುಡ್ ಜಾಝ್‌ಗೆ ರೂಪ ಕೊಟ್ಟ ಜಾಕ್ ಕೋಲ್ ಭಾರತೀಯ ನೃತ್ಯ ಕಲಿತು ಅದರ ಅಡವುಗಳನ್ನು ಸ್ವಿಂಗ್ ಎಂಬ ಜಾಝ್ ಸಂಗೀತಕ್ಕೆ ಕೂರಿಸಿದವರು. ಈ ವಿಷಯ ತಿಳಿದ ದಿನ ಮಗಳ ನಡಿಗೆಯೇ ಬದಲಾಯಿತು. ಲಯವೂ ಅಷ್ಟೇ, ಅರ್ಧ ಎಡುಪಿನಲ್ಲಿ, ಅಂದರೆ ತಾಳ ಬಿದ್ದು ಅರ್ಧ ಎಣಿಕೆ ಆದ ಮೇಲೆ, ಶುರುವಾಗುವ ಹಾಡಿಗೆ ಕುಣಿದವರಿಗೆ ಬೀಟ್ ತಪ್ಪಿಸಿ ಬರುವ ಒತ್ತು ಹೊಸದಲ್ಲ. ಅರೆಮಂಡಿ ಮಾತ್ರ ಇಲ್ಲಿ ಬೇಡ, ಪಾದ ಹೆಚ್ಚಾಗಿ ನೇರ ಮುಂದಕ್ಕೆ. ಸೊಂಟ ಆಡಿಸುತ್ತಾರೆ ಎಂದು ಮುಖ ಸಿಂಡರಿಸಬೇಡಿ, ಮಕ್ಕಳು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ಬಟ್ಟೆ ಲಿಯೋಟಾರ್ಡ್ (ಮೈಗೆ ಅಂಟುವ ಒಂದೇ ತುಂಡಿನ ಉಡುಪು), ಟೈಟ್ಸ್ (ಕಾಲಿಗೆ ಅಂಟುವ ಉದ್ದನೆಯ ಉಡುಪು); ಕೂದಲಿಗೆ ತುರುಬು. ಬಳೆ, ಗೆಜ್ಜೆಚೈನು ಬೇಡ. ಟೈಟ್ಸ್ ತಿಳಿಗುಲಾಬಿಯೇ ಆಗಬೇಕಾ, ಮೈಬಣ್ಣದ್ದು ಆಗುತ್ತಾ ಎಂದು ಧೈರ್ಯವಾಗಿ ಕೇಳಿ. ಆರ್ಥರ್ ಮಿಚೆಲ್ 1969ರಲ್ಲಿ ಶುರು ಮಾಡಿದ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತನ್ನ ಕಲಾವಿದರಿಗೆ ಅವರವರ ಮೈಬಣ್ಣದ ಟೈಟ್ಸ್, ಶೂ ಹಾಕಿಸಿದ ಕಂಪನಿ. ಸೊಂಟದಿಂದ ಬೆರಳ ತುದಿವರೆಗೆ ಕಾಲು ಎಳೆಯುವ ಗೆರೆ ಕಂದು ಕಾಲಲ್ಲೂ ಪೂರ್ತಿ ಕಾಣಬೇಕು.

ಆಡಿಷನ್ನಿನಲ್ಲಿ ಸಾಮಾನ್ಯವಾಗಿ ಬ್ಯಾಲೆ, ಮಾಡರ್ನ್ ಎರಡನ್ನೂ ನೋಡುತ್ತಾರೆ, ಜೊತೆಗೆ ಒಂದು ಚಿಕ್ಕ ಸೋಲೋ. ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ್ದನ್ನೇ ಓದಿ. ಕಾಲು ಎಷ್ಟು ಎತ್ತರ ಹೋಯಿತು ಅನ್ನುವುದಕ್ಕಿಂತ, ಹೇಳಿಕೊಟ್ಟದ್ದನ್ನು ಎಷ್ಟು ಬೇಗ ಹಿಡಿದಳು, ತಿದ್ದಿದ್ದನ್ನು ಮುಂದಿನ ಸಲ ಮಾಡಿದಳಾ, ಇದೇ ಲೆಕ್ಕಕ್ಕೆ ಬರುತ್ತದೆ ಅನ್ನುವುದು ನಾನು ಕಂಡದ್ದು. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ತಪ್ಪಿದರೂ ನಿಲ್ಲದೆ ಮುಂದುವರಿಯಲು ಕಲಿಸಿ.

ಭರತನಾಟ್ಯ ಬಿಡಿಸಬೇಡಿ, ಆದರೆ ವಾರಕ್ಕೆ ಒಂದು ಕ್ಲಾಸಿಗೆ ಇಳಿಸಿ, ಏಕೆ ಎಂದು ಗುರುಗಳ ಹತ್ತಿರ ಕೂತು ಹೇಳಿ. ಮುಚ್ಚಿಟ್ಟರೆ ಅವರಿಗೆ ಬೇಜಾರಾಗುತ್ತದೆ, ನ್ಯಾಯವಾಗಿಯೇ. ಅರ್ಜಿ, ಆಡಿಷನ್ ಎಲ್ಲ ಬರುವುದು 8ನೇ ತರಗತಿಯ ಚಳಿಗಾಲದ ಹೊತ್ತಿಗೆ. ಆ ವರ್ಷವೇ ರಂಗಪ್ರವೇಶಕ್ಕೆ ಹಾಲ್ ಬುಕ್ ಮಾಡಿಬಿಡಬೇಡಿ, ಎರಡೂ ಅಭ್ಯಾಸ ಒಂದೇ ಮಂಡಿಯ ಮೇಲೆ ಬೀಳುತ್ತದೆ. ನಾವು 9ನೇ ತರಗತಿ ಮುಗಿದ ಬೇಸಿಗೆಗೆ ಇಟ್ಟುಕೊಂಡೆವು.