ಸ್ಪ್ಲಿಟ್ ಎಸಿಗೆ ಸುರಕ್ಷಿತ ವೈರ್ ಆರಿಸುವುದು ಹೇಗೆ

ಸ್ಪ್ಲಿಟ್ ಎಸಿ ಕೂರಿಸುವ ಮಾತು ಬಂದಾಗ ‘ಒಂದೂವರೆ ಟನ್ನಿಗೆ ಎಷ್ಟು ದಪ್ಪದ ವೈರ್ ಬೇಕು’ ಎಂದೇ ಹೆಚ್ಚಿನವರು ಕೇಳುತ್ತಾರೆ. ಆದರೆ ಟನ್ ಲೆಕ್ಕದಲ್ಲಿ ವೈರ್ ಆರಿಸುವುದು ಸರಿಯಾದ ಕ್ರಮವಲ್ಲ. ಒಂದು ಟನ್ ಎಂದರೆ ಕೋಣೆಯಿಂದ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಅದಕ್ಕಾಗಿ ಯಂತ್ರವು ಬಳಸುವ ವಿದ್ಯುತ್ತು ಸಾಮಾನ್ಯವಾಗಿ ಅದರ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ, ದಕ್ಷ ಯಂತ್ರಗಳಲ್ಲಿ ಇನ್ನೂ ಕಡಿಮೆ. ಹೀಗಾಗಿ ಒಂದೇ ಟನ್ನಿನ ಎರಡು ಯಂತ್ರಗಳು ಬೇರೆ ಬೇರೆ ಆಂಪೇರ್ ಎಳೆಯಬಹುದು. ಔಟ್‌ಡೋರ್ ಯೂನಿಟ್ಟಿನ ಪಕ್ಕಕ್ಕೆ ಅಂಟಿಸಿರುವ ನೇಮ್‌ಪ್ಲೇಟಿನಲ್ಲಿ ರೇಟೆಡ್ ಕರೆಂಟ್ ಮತ್ತು ಗರಿಷ್ಠ ಕರೆಂಟ್ ಎರಡೂ ಇದ್ದರೆ, ಗರಿಷ್ಠದ್ದನ್ನೇ ಹಿಡಿದು ಲೆಕ್ಕ ಹಾಕಬೇಕು. ತಯಾರಕರ ಕೈಪಿಡಿಯಲ್ಲಿ ಕೇಬಲ್ಲಿನ ಕನಿಷ್ಠ ಗಾತ್ರವನ್ನು ನಮೂದಿಸಿದ್ದರೆ, ನಮ್ಮ ಲೆಕ್ಕ ಏನೇ ಹೇಳಿದರೂ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಮುಂದಿನ ವಿಚಾರ ವೈರ್ ಸಾಗುವ ದಾರಿಯದು. 2.5 ಚದರ ಮಿಲಿಮೀಟರಿನ, ಪಿವಿಸಿ ಹೊದಿಕೆಯ ತಾಮ್ರದ ವೈರ್ ಎಲ್ಲಿ ಹಾಕಿದರೂ ಒಂದೇ ಪ್ರಮಾಣದ ಕರೆಂಟನ್ನು ಹೊರುವುದಿಲ್ಲ. ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆಯಾದ ಐಇಸಿಯ ಕೋಷ್ಟಕಗಳ ಪ್ರಕಾರ, ಸುತ್ತಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಇರುವಾಗ, ಗೋಡೆಯ ಮೇಲೆ ಕ್ಲಿಪ್ ಮಾಡಿದ ಕೇಬಲ್ 27 ಆಂಪೇರ್, ಗೋಡೆಯ ಮೇಲಿನ ಕಂಡ್ಯೂಟಿನೊಳಗಿನ (ವೈರ್ ಹಾಯಿಸುವ ಕೊಳವೆಯೊಳಗಿನ) ವೈರ್ 24 ಆಂಪೇರ್, ಶಾಖನಿರೋಧಕ ತುಂಬಿದ ಗೋಡೆಯ ಕಂಡ್ಯೂಟಿನೊಳಗಿನದು 19.5 ಆಂಪೇರ್ ಹೊರಬಲ್ಲದು. ಉಷ್ಣತೆ 40 ಡಿಗ್ರಿಗೆ ಏರಿದರೆ ಈ ಸಂಖ್ಯೆಗಳನ್ನು 0.87ರಿಂದ ಗುಣಿಸಬೇಕು. ಅದೇ ಕಂಡ್ಯೂಟಿನಲ್ಲಿ ಬೇರೆ ಸರ್ಕ್ಯೂಟುಗಳೂ ಸಾಗಿದ್ದರೆ ಸಾಮರ್ಥ್ಯ ಮತ್ತಷ್ಟು ಕುಗ್ಗುತ್ತದೆ. ಎಸಿ ಹೆಚ್ಚು ಹೊತ್ತು ಓಡುವುದು ಸೆಕೆ ಇರುವ ದಿನಗಳಲ್ಲೇ ಆದ್ದರಿಂದ, ತಂಪು ಹೊತ್ತಿನ ಸಂಖ್ಯೆಯನ್ನು ನಂಬಿ ವೈರ್ ಆರಿಸಿದರೆ ಪ್ರಯೋಜನವಿಲ್ಲ.

ದೂರವೂ ಲೆಕ್ಕಕ್ಕೆ ಬರುತ್ತದೆ. ಡಿಬಿಯಿಂದ (ಮನೆಯ ವಿದ್ಯುತ್ ಹಂಚಿಕೆ ಪೆಟ್ಟಿಗೆಯಿಂದ) ಯೂನಿಟ್ಟಿಗೆ 25 ಮೀಟರ್ ದೂರವಿದ್ದು 10 ಆಂಪೇರ್ ಹರಿಯುತ್ತಿದ್ದರೆ, 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಹೋಗಿ ಬರುವಷ್ಟರಲ್ಲಿ ಮೂರೂವರೆಯಿಂದ ನಾಲ್ಕು ವೋಲ್ಟ್ ನಷ್ಟವಾಗುತ್ತದೆ, 1.5 ಚದರ ಮಿಲಿಮೀಟರಿನದಾದರೆ ನಷ್ಟವು ಆರೇಳು ವೋಲ್ಟಿಗೆ ಏರುತ್ತದೆ. ಮನೆಗೆ ಬರುವ ವೋಲ್ಟೇಜೇ ತಗ್ಗಿರುವ ಕಡೆ ಈ ವ್ಯತ್ಯಾಸ ಕಂಪ್ರೆಸರಿಗೆ ಹೊರೆಯಾಗುತ್ತದೆ.

ಕರೆಂಟ್ ಮಿತಿ ಮೀರಿದರೆ ತಾನಾಗಿ ಟ್ರಿಪ್ ಆಗುವ ಸ್ವಿಚ್ಚಾದ ಎಂಸಿಬಿಯನ್ನು ಆರಿಸುವಾಗ ನೆನಪಿಡಬೇಕಾದದ್ದು, ಅದು ಕಾಯುವುದು ಮುಖ್ಯವಾಗಿ ವೈರನ್ನು. ಮೊದಲು ಹೇಳಿದ, ಗೋಡೆಯ ಮೇಲಿನ ಕಂಡ್ಯೂಟಿನ ವೈರ್ 40 ಡಿಗ್ರಿಯಲ್ಲಿ ಹೊರುವುದು ಸುಮಾರು 20.9 ಆಂಪೇರ್, ಆದ್ದರಿಂದ ಅದಕ್ಕೆ 16 ಅಥವಾ 20 ಆಂಪೇರಿನ ಎಂಸಿಬಿ ಹೊಂದುತ್ತದೆ, 32ರದ್ದು ಹೊಂದುವುದಿಲ್ಲ. ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ವೈರ್ ಹಾಗೆಯೇ ಬಿಟ್ಟು ದೊಡ್ಡ ಎಂಸಿಬಿ ಹಾಕಿಸುವುದಕ್ಕಿಂತ ಅಪಾಯಕಾರಿಯಾದ ‘ರಿಪೇರಿ’ ಇನ್ನೊಂದಿಲ್ಲ. ಎಸಿಗೆ ಪ್ರತ್ಯೇಕ ಸರ್ಕ್ಯೂಟ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿನ ಮಾತು ಎತ್ತಲೇಬಾರದು. ಜೊತೆಗೆ, ಕರೆಂಟ್ ಸೋರಿದರೆ ಸಪ್ಲೈ ಕಡಿಯುವ, 30 ಮಿಲಿಆಂಪೇರಿನ ಆರ್‌ಸಿಸಿಬಿ ಇರಲಿ. ಇನ್ವರ್ಟರ್ ಎಸಿಗಳ ಸೋರಿಕೆ ಕರೆಂಟಿನಲ್ಲಿ ಡಿಸಿ (ಏಕಮುಖ ವಿದ್ಯುತ್) ಅಂಶ ಸೇರಿರಬಹುದಾದ್ದರಿಂದ, ಬರೀ ‘ಎಸಿ’ (ಇಲ್ಲಿ ಪರ್ಯಾಯ ವಿದ್ಯುತ್ ಎಂಬರ್ಥ) ಮಾದರಿಯ ಆರ್‌ಸಿಸಿಬಿ ಅದನ್ನು ಸರಿಯಾಗಿ ಗುರುತಿಸದೇ ಹೋಗಬಹುದು. ‘ಎ’ ಮಾದರಿಯದೋ ಕೈಪಿಡಿ ಸೂಚಿಸಿದ ಬೇರೆ ಮಾದರಿಯದೋ ಬೇಕಾಗುತ್ತದೆ.

ಎರಡು ಯೂನಿಟ್ಟುಗಳನ್ನು ಜೋಡಿಸುವ ಕೇಬಲ್ಲಿಗೆ ಸಿಗಬೇಕಾದ ಗಮನ ಸಿಗುವುದೇ ಇಲ್ಲ. ಇದರಲ್ಲಿ ಸಾಮಾನ್ಯವಾಗಿ ನಾಲ್ಕು ಕೋರ್‌ಗಳಿರುತ್ತವೆ: ಫೇಸ್, ನ್ಯೂಟ್ರಲ್, ಸಿಗ್ನಲ್ ಮತ್ತು ಅರ್ಥ್. ಕೆಲವು ಮಾದರಿಗಳಲ್ಲಿ ಮುಖ್ಯ ಸಪ್ಲೈ ಔಟ್‌ಡೋರ್ ಯೂನಿಟ್ಟಿಗೆ ಬಂದು ಅಲ್ಲಿಂದ ಒಳಗೆ ಹೋಗುತ್ತದೆ, ಇನ್ನು ಕೆಲವದರಲ್ಲಿ ಒಳಗಿನಿಂದ ಹೊರಗೆ. ಯಾವುದೆಂದು ಯೂನಿಟ್ಟಿನ ಮುಚ್ಚಳದ ಒಳಭಾಗದ ಚಿತ್ರ ನೋಡಿಯೇ ತಿಳಿಯಬೇಕು. ಒಂದು ಯೂನಿಟ್ಟಿನ 1, 2, 3 ಟರ್ಮಿನಲ್‌ಗಳು ಇನ್ನೊಂದರ ಅದೇ ಗುರುತಿನ ಟರ್ಮಿನಲ್‌ಗಳಿಗೇ ಸೇರಬೇಕು. ಸಿಗ್ನಲ್ ತಂತಿ ಅದಲುಬದಲಾದರೆ ಎರರ್ ಕೋಡ್ ಬಂದು ನಿಂತರೆ ಅದೃಷ್ಟ, ಇಲ್ಲವಾದರೆ ಯೂನಿಟ್ಟಿನ ಎಲೆಕ್ಟ್ರಾನಿಕ್ ಬೋರ್ಡೇ (ಪಿಸಿಬಿ) ಸುಡಬಹುದು. ಹೊರಗೆ ಬಿಸಿಲು ಮಳೆಗೆ ಒಡ್ಡಿಕೊಳ್ಳುವ ಭಾಗಕ್ಕೆ ಒಳಾಂಗಣದ ಪಿವಿಸಿ ಕೇಬಲ್ ಸಲ್ಲದು. ಕೆಲವು ವರ್ಷಗಳ ಬಿಸಿಲಿಗೆ ಅದರ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಹೊರಗಿನ ಬಳಕೆಗೆಂದೇ ಬರುವ, ಪಾಲಿಕ್ಲೋರೋಪ್ರೀನ್ ರಬ್ಬರ್ ಹೊದಿಕೆಯ ಕೇಬಲ್ ತರಬೇಕು. ನಡುವೆ ಎಲ್ಲಿಯೂ ಜಾಯಿಂಟ್ ಇರಬಾರದು. ತಾಮ್ರದ ಪೈಪಿನ ಜೊತೆಗೆ ಟೇಪು ಸುತ್ತಿ ಮರೆಮಾಡಿದ ಜಾಯಿಂಟ್ ಮುಂದೆ ತೊಂದರೆ ಕೊಟ್ಟಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಖರೀದಿಸುವಾಗ ವೈರಿನ ತುದಿಯನ್ನು ಕತ್ತರಿಸಿ, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಬಹುದು. ಹೊರಗೆ ಕೆಂಪಗಿದ್ದು ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಎಸಿಗೆ ಬೇಡ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ಅದು ತವರ ಲೇಪಿಸಿದ ತಾಮ್ರ, ಹೆದರಬೇಕಾಗಿಲ್ಲ.

ವೈರ್ ಎಷ್ಟೇ ಒಳ್ಳೆಯದಿದ್ದರೂ ಸಡಿಲ ಟರ್ಮಿನಲ್ ಬಿಸಿಯಾಗಿ ಕರಗುತ್ತದೆ. ಸಣ್ಣ ಎಳೆಗಳ ವೈರನ್ನು ಬರಿಗೈಯಲ್ಲಿ ತಿರುಚಿ ಸ್ಕ್ರೂ ಕೆಳಗೆ ತುರುಕಬಾರದು. ತುದಿಗೆ ಲಗ್ (ಲೋಹದ ತೊಡಿಕೆ) ಹಾಕಿ, ಉಪಕರಣದಿಂದ ಅದುಮಿ ಕ್ರಿಂಪ್ ಮಾಡಿ ಬಿಗಿದು, ಪ್ರತಿಯೊಂದನ್ನೂ ಕೈಯಿಂದ ಎಳೆದು ನೋಡಬೇಕು. ಹಸಿರು-ಹಳದಿ ಅರ್ಥ್ ವೈರನ್ನು ಉಳಿದವಕ್ಕಿಂತ ತುಸು ಉದ್ದ ಬಿಡುವುದು ಒಳ್ಳೆಯ ರೂಢಿ: ಕೇಬಲ್ ಜಗ್ಗಿ ಕಿತ್ತುಬಂದರೂ ಅರ್ಥ್ ಕೊನೆಗೆ ಬಿಡುತ್ತದೆ. ಕೇಬಲ್ ಕ್ಲ್ಯಾಂಪ್ ಹೊರ ಹೊದಿಕೆಯನ್ನು ಹಿಡಿದಿರಬೇಕು, ಒಳಗಿನ ಕೋರ್‌ಗಳನ್ನಲ್ಲ. ಯೂನಿಟ್ಟಿಗೆ ಹೊಗುವ ಮುನ್ನ ಕೇಬಲ್ ಕೆಳಕ್ಕೆ ಬಾಗಿದ್ದರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಔಟ್‌ಡೋರ್ ಯೂನಿಟ್ಟಿನ ಹತ್ತಿರ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ, ನೀರು ಹೊಗದ ಐಸೊಲೇಟರ್ ಸ್ವಿಚ್ ಹಾಕಿಸಿದರೆ ಸರ್ವಿಸ್ ಮಾಡುವವರ ಜೀವಕ್ಕೆ ರಕ್ಷಣೆ. ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಅವರು ಮೆಗ್ಗರಿನಿಂದ ವೈರಿನ ಇನ್ಸುಲೇಷನ್ ಪರೀಕ್ಷಿಸುವುದಾದರೆ, ಎರಡೂ ಯೂನಿಟ್ಟುಗಳನ್ನು ಮೊದಲು ಬಿಡಿಸಿಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಬೇಕು, ಏಕೆಂದರೆ ಪರೀಕ್ಷೆಯ 500 ವೋಲ್ಟ್ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಹಾಳುಮಾಡಬಹುದು. ಎಸಿಯನ್ನು ಚಾಲೂ ಮಾಡಿ ಅರ್ಧ ಗಂಟೆ ಓಡಿಸಿದ ಮೇಲೆ, ಕ್ಲ್ಯಾಂಪ್ ಮೀಟರಿನಲ್ಲಿ ಬರುವ ಆಂಪೇರನ್ನು ನೇಮ್‌ಪ್ಲೇಟಿನೊಂದಿಗೆ ಹೋಲಿಸಿ ಬರೆದಿಟ್ಟುಕೊಂಡರೆ, ಮುಂದಿನ ಸರ್ವಿಸಿನಲ್ಲಿ ವ್ಯತ್ಯಾಸವಿದೆಯೇ ಎಂದು ನೋಡಲು ಅನುಕೂಲವಾಗುತ್ತದೆ.